ತೆಳು ತಂತಿಗೆ ದೊಡ್ಡ ನಂಬರು ದಯಪಾಲಿಸಿದ ಮಹನೀಯರಿಗೆ

ಇವರಿಗೆ,
ಘನತೆವೆತ್ತ ಅಧ್ಯಕ್ಷರು,
ತಂತಿಗಳಿಗೆ ನಂಬರು ಹಂಚುವ ಸಮಿತಿ.
(ವಿಳಾಸ ನನಗೆ ತಿಳಿಯದು. ತಿಳಿದವರು ದಯವಿಟ್ಟು ತಲುಪಿಸುವುದು.)

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸದಸ್ಯರಿಗೂ, ತಮ್ಮ ಕಚೇರಿಯ ಗೋಡೆಗಳೊಳಗೆ ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿರುವ ದಪ್ಪ ಮತ್ತು ತೆಳ್ಳನೆಯ ಸಮಸ್ತ ತಂತಿಗಳಿಗೂ ಈ ದರ್ಜಿಯ ಅನಂತ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯದಿಂದ ಹತ್ತು ನಿಮಿಷ ಕತ್ತರಿಸಿಕೊಳ್ಳುವ ಧೈರ್ಯ ಮಾಡುತ್ತಿದ್ದೇನೆ. ಕತ್ತರಿಸುವುದೇ ನನ್ನ ಕಸುಬಾದ್ದರಿಂದ ಅಂಚು ಹರಿಯದಂತೆ ನೋಡಿಕೊಳ್ಳುತ್ತೇನೆ. ತಾವು ಯಾರು, ಎಲ್ಲಿ ಕೂರುತ್ತೀರಿ, ಬದುಕಿದ್ದೀರೋ ಇಲ್ಲವೋ ಎಂಬುದೊಂದೂ ನನಗೆ ಗೊತ್ತಿಲ್ಲ. ಆದರೆ ಜಗತ್ತಿನ ಯಾವುದೋ ಮೂಲೆಯಲ್ಲಿ, ಯಾವುದೋ ಮೇಜಿನ ಸುತ್ತ, ಊಟವಾದ ಮೇಲಿನ ಜೋಂಪಿನಲ್ಲಿ, ತಂತಿ ತೆಳ್ಳಗಾದಷ್ಟೂ ಅದರ ನಂಬರು ದೊಡ್ಡದಾಗತಕ್ಕದ್ದು ಎಂದು ಠರಾವು ಮಾಡಿದವರು ಯಾರಾದರೂ ಇರಲೇಬೇಕಲ್ಲ. ಆ ಮಹನೀಯರು ತಾವೇ ಎಂದು ಭಾವಿಸಿ ಈ ಬಹಿರಂಗ ಪತ್ರವನ್ನು ತಮ್ಮ ಪಾದಗಳ ಬಳಿ ಇಡುತ್ತಿದ್ದೇನೆ.

ಮೊದಲು ನನ್ನ ಪರಿಚಯ. ಇಪ್ಪತ್ತಾರು ವರ್ಷದಿಂದ ಒಂದೇ ಬೀದಿಯಲ್ಲಿ, ಒಂದೇ ಬಾಗಿಲ ಹಿಂದೆ ಅಂಗಿ, ಪ್ಯಾಂಟು ಹೊಲಿಯುತ್ತಾ ಬಂದವನು ನಾನು. ಕೆಳಗೆ ಅಂಗಡಿ, ಅದರ ಹಿಂದೆ ಮನೆ, ಮೇಲೆ ಉದ್ದನೆಯ ಒಂದೇ ಒಂದು ಕೋಣೆ. ನನ್ನ ಬದುಕೆಲ್ಲ ನಂಬರುಗಳ ಮೇಲೆ ನಿಂತಿದೆ. ನಲವತ್ತರ ಸೊಂಟ ಮೂವತ್ತರ ಸೊಂಟಕ್ಕಿಂತ ದಪ್ಪ. ಇದನ್ನು ಹೇಳಿದಾಗ ಗಿರಾಕಿಗಳಿಗೆ ಬೇಸರವಾಗುವುದುಂಟು, ಆದರೆ ಯಾರೂ ತಕರಾರು ತೆಗೆದಿಲ್ಲ. ಸೂಜಿಯೂ ಹಾಗೆಯೇ. ಹನ್ನೊಂದನೇ ನಂಬರಿನ ಸೂಜಿ ರೇಷ್ಮೆಗೆ, ಹದಿನಾಲ್ಕು ಅಂಗಿಬಟ್ಟೆಗೆ, ಹದಿನೆಂಟು ಹಾಕಿದಿರೋ ಡೇರೆಯ ಬಟ್ಟೆಯನ್ನೂ ತೂರಿಕೊಂಡು ಹೋಗುತ್ತದೆ. ನಂಬರು ಏರಿದರೆ ವಸ್ತು ಗಟ್ಟಿ ಎಂಬ ಒಂದೇ ನಂಬಿಕೆಯ ಮೇಲೆ ನಾನು ಮದುವೆಯಾದೆ, ಮನೆ ಕಟ್ಟಿಸಿದೆ, ಮಗಳನ್ನು ಓದಿಸಿದೆ, ನೆಮ್ಮದಿಯಾಗಿ ನಿದ್ದೆ ಮಾಡಿದೆ. ತಮ್ಮ ಘನ ಸಮಿತಿಯೊಂದು ಇದೆಯೆಂಬುದು ಆಗ ನನಗೆ ತಿಳಿದಿರಲಿಲ್ಲ.

ಈಗ ಸಂಕಟದ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಈ ಇಪ್ಪತ್ತಾರು ವರ್ಷವೂ ಅದೇ ಅಂಗಡಿಯ ಒಳಮೂಲೆಯಲ್ಲಿ ಕೂತು ಗುಂಡಿ ಹಚ್ಚಿದವಳು, ಕಾಜಾ ಹೊಲಿದವಳು, ನನ್ನ ಮೆಷಿನ್ನಿನಿಂದ ಇಳಿದ ಪ್ಯಾಂಟುಗಳ ಕಾಲಂಚು ಮಡಚಿದವಳು. ಎರಡು ವರ್ಷದ ಹಿಂದೆ ಅವಳ ಬೆನ್ನು ಹಿಡಿದುಕೊಂಡಿತು. ಡಾಕ್ಟರು ವ್ಯಾಯಾಮ ಮಾಡಿ ಎಂದರು, ಅವಳು ಪಕ್ಕದ ಬೀದಿಯಲ್ಲಿ ಹೆಂಗಸರಿಗೆಂದೇ ನಡೆಯುತ್ತಿದ್ದ ತರಗತಿಗೆ ಸೇರಿಕೊಂಡಳು, ಬೆನ್ನು ನೆಟ್ಟಗಾಯಿತು, ಜೊತೆಗೆ ಮಾತೂ ನೆಟ್ಟಗಾಯಿತು. ಕಲಿಸುತ್ತಿದ್ದಾಕೆ ಊರು ಬಿಟ್ಟು ಹೋದಾಗ ಉಳಿದ ಹದಿನಾಲ್ಕು ಹೆಂಗಸರು ನಮ್ಮ ಅಂಗಡಿಗೇ ಬಂದು, "ಅಕ್ಕಾ, ಇನ್ಮೇಲೆ ನೀವೇ ಹೇಳ್ಕೊಡಿ, ಬೇರೆ ಯಾರೂ ಬೇಡ" ಎಂದು ಇವಳ ಬೆನ್ನು ಹತ್ತಿದರು. ಇವಳು ಮೇಲಿನ ಕೋಣೆಯಲ್ಲಿದ್ದ ನನ್ನ ಹಳೇ ಬಟ್ಟೆಯ ಥಾನುಗಳನ್ನೆಲ್ಲ ಕೆಳಗೆ ಸಾಗಿಸಿ, ನೆಲ ತಿಕ್ಕಿ, ಸುಣ್ಣ ಹೊಡೆಸಿ, ಬಾಗಿಲಿಗೆ ತನ್ನ ಹೆಸರಿನ ಒಂದು ಹಲಗೆ ಬರೆಸಿ ತಗುಲಿಹಾಕಿದಳು. ಕೆಳಗಿನ ಅಂಗಡಿಯ ಹಲಗೆಯ ಮೇಲೆ ಆ ಹೆಸರು ಯಾವತ್ತೂ ಇರಲಿಲ್ಲ ಎಂಬುದು, ತಮ್ಮಾಣೆ, ಅವತ್ತೇ ನನಗೆ ಹೊಳೆದದ್ದು.

ಆದರೆ ಆ ಹದಿನಾಲ್ಕು ಮಂದಿಯ ಮುಂದಾಳು ಶಾಲೆಯಲ್ಲಿ ಗಣಿತ ಹೇಳುವ ಮೇಡಂ. ಲೆಕ್ಕವಿಲ್ಲದೆ ಆಕೆ ಮೆಟ್ಟಿಲೂ ಹತ್ತುವವರಲ್ಲ. "ಸೋಮವಾರ, ಬುಧವಾರ ಎರಡು ದಿನ ಬಂದು ನೋಡ್ತೀವಿ. ಸರಿಹೋಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬಾರ್ದು, ಆ ಗಾಜಿನ ಬಾಗಿಲಿನ ಜಿಮ್ಮಿಗೆ ಸೇರ್ಕೋತೀವಿ" ಎಂದು ಮುಲಾಜಿಲ್ಲದೆ ಹೇಳಿಬಿಟ್ಟರು. ಅವರು ಹೋದ ಮೇಲೆ ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ, "ಆಗ್ಲಿಲ್ಲ ಅಂದ್ರೆ ಗುಂಡಿ ಹಚ್ಚೋದು ಇದ್ದೇ ಇದೆಯಲ್ಲ" ಎಂದಳು. ನಗುತ್ತಲೇ ಹೇಳಿದಳು. ಆದರೆ ದಾರ ನಾಲ್ಕು ಸಲ ಹಾಕಿದರೂ ಸೂಜಿಯ ಕಣ್ಣಿಗೆ ಹೋಗಲಿಲ್ಲ, ಮತ್ತು ಅವಳಿಗೆ ದೃಷ್ಟಿದೋಷವಿಲ್ಲ.

ಇಂಥ ತರಗತಿಗೆ ಹಾಡು ಬೇಕು, ಹಾಡಿನ ತಾಳಕ್ಕೆ ಕೈಕಾಲು ಆಡಬೇಕು. ನಮ್ಮ ನಡುಮನೆಯಲ್ಲಿ ಒಂದು ಆಂಪ್ಲಿಫೈಯರ್, ಎರಡು ಮರದ ಪೆಟ್ಟಿಗೆಯ ಸ್ಪೀಕರ್‌ಗಳು ಇದ್ದವು. ಅವನ್ನು ಮೇಲಕ್ಕೆ ಸಾಗಿಸಿ, ಒಂದು ಪೆಟ್ಟಿಗೆಯನ್ನು ಅವಳು ನಿಲ್ಲುವ ಕಡೆ, ಇನ್ನೊಂದನ್ನು ಕೋಣೆಯ ಆ ಕೊನೆಯಲ್ಲಿ ಇಡುವುದೆಂದು ನಿಶ್ಚಯವಾಯಿತು. ಅಲ್ಲಿಂದ ಇಲ್ಲಿಗೆ ಗೋಡೆಗುಂಟ ಟೇಪು ಹಿಡಿದರೆ ಅರವತ್ತೆರಡು ಅಡಿ ಮೂರು ಇಂಚು. ನನ್ನ ಬಾಮೈದ, ಅಂದರೆ ಅವಳ ತಮ್ಮ, ವೃತ್ತಿಯಲ್ಲಿ ಎಲೆಕ್ಟ್ರಿಶಿಯನ್. "ಭಾವ, ನೀವು ಕೈ ಹಾಕ್ಬೇಡಿ, ನಾನು ಬಂದು ಅರ್ಧ ಗಂಟೇಲಿ ಎಳೆದುಕೊಡ್ತೀನಿ" ಎಂದು ಕೇಳಿಕೊಂಡ. ಹೋದ ವರ್ಷ ಇದೇ ಬಾಮೈದ ತನ್ನ ಪ್ಯಾಂಟನ್ನು ತಾನೇ ಗಿಡ್ಡ ಮಾಡಿಕೊಂಡು, ಒಂದು ಕಾಲು ಮೊಣಕಾಲಿಗೂ ಇನ್ನೊಂದು ಹಿಮ್ಮಡಿಗೂ ಬರುವಂತೆ ಹೊಲಿದುಕೊಂಡು ಬಂದಾಗ ನಾನು ಮನಸಾರೆ ನಕ್ಕಿದ್ದೆ. ಅಂಥವನ ಕೈಯಲ್ಲಿ ತಂತಿ ಎಳೆಸಿಕೊಳ್ಳುವುದೇ? ಅವಳ ಮೊದಲ ದಿನಕ್ಕೆ ಏರ್ಪಾಡೆಲ್ಲ ನನ್ನದೇ ಎಂದು ಎದೆ ತಟ್ಟಿಕೊಂಡು ಹೇಳಿದೆ. ಮಾನ್ಯರೇ, ಆ ತಟ್ಟಿದ ಎದೆ ಇನ್ನೂ ನೋಯುತ್ತಿದೆ.

ಅಂಗಡಿಗೆ ಹೋದೆ. ಸ್ಪೀಕರಿನ ತಂತಿ ಬೇಕು ಎಂದೆ. "ಯಾವ ಗೇಜು ಸಾರ್?" ಎಂದ ಅಂಗಡಿಯವನು. ಗೇಜು ಎಂದರೇನು ಎಂದು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಹಿಂದಿದ್ದ ಸುರುಳಿಗಳ ಮೇಲೆ ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು, ಇಪ್ಪತ್ತನಾಲ್ಕು ಎಂದು ಬರೆದಿತ್ತು. ಉದ್ದದ ಕೋಣೆ, ಹದಿನಾಲ್ಕು ಹೆಂಗಸರು, ಹೆಂಡತಿಯ ಹೆಸರಿನ ಹಲಗೆ. ಇಲ್ಲಿ ಜಿಪುಣತನ ಸಲ್ಲದು ಎಂದುಕೊಂಡು ಎಲ್ಲಕ್ಕಿಂತ ದೊಡ್ಡದಾದ ಇಪ್ಪತ್ತನಾಲ್ಕನ್ನೇ ಗಟ್ಟಿ ದನಿಯಲ್ಲಿ ಕೇಳಿದೆ. ಕೈಗೆ ಬಂದ ತಂತಿ ನೋಡಲು ಬಡಕಲಾಗಿತ್ತು ನಿಜ. ಆದರೆ ಒಳ್ಳೆಯ ರೇಷ್ಮೆ ದಾರವೂ ನೋಡಲು ಬಡಕಲೇ ಅಲ್ಲವೇ, ಒಳಗೆ ಬಲವಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ನಾನು ಆಗಲೇ ಮೆಟ್ಟಿಲಿಳಿದಿದ್ದೆ.

ಆ ತಂತಿಯನ್ನು ನಾನು ಸುಮ್ಮನೆ ಎಳೆಯಲಿಲ್ಲ. ಗೋಡೆಯ ಬಣ್ಣದ ಬಟ್ಟೆಯನ್ನು ಓರೆಗೆ ಕತ್ತರಿಸಿ, ಪಟ್ಟಿ ಮಾಡಿ, ಅರವತ್ತೆರಡು ಅಡಿ ಮೂರು ಇಂಚು ತಂತಿಗೂ ದಿಂಬಿನ ಅಂಚಿಗೆ ಹೊಲಿದಂತೆ ಪೈಪಿಂಗ್ ಹೊಲಿದೆ. ಅದು ಗೋಡೆಗುಂಟ ಎಷ್ಟು ಅಂದವಾಗಿ ಹೋಯಿತೆಂದರೆ, ಮೇಡಂ ಬಂದವರೇ ಮೊದಲು ಅದನ್ನು ಬೆರಳಲ್ಲಿ ಸವರಿ ನೋಡಿದರು. ಜಗತ್ತಿನಲ್ಲಿ ಅಂಗಿ ತೊಟ್ಟ ಸ್ಪೀಕರ್ ತಂತಿ ಅದೊಂದೇ ಎಂದು ಈಗಲೂ ಹೆಮ್ಮೆಯಿಂದ ಹೇಳಬಲ್ಲೆ.

ಸೋಮವಾರ ಬೆಳಿಗ್ಗೆ ಹಾಡು ಹಾಕಿದ್ದಾಯಿತು. ಮುಂದಿನ ಪೆಟ್ಟಿಗೆ ಗುಡುಗಿತು. ಹಿಂದಿನ ಪೆಟ್ಟಿಗೆ ನೆಗಡಿಯಾದವರಂತೆ ಮೂಗಿನಲ್ಲಿ ಏನೋ ಗೊಣಗಿತು. ಹಿಂದಿನ ಸಾಲಿಗೆ ಕೇಳಲೆಂದು ಸದ್ದು ಏರಿಸಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಮುಂದಿನವರ ಮೇಲೆ ಕರುಣೆ ತೋರಿ ಇಳಿಸಿದರೆ ಹಿಂದಿನ ಸಾಲಿಗೆ ತಾಳವೇ ತಪ್ಪಿ, ಮುಂದಿನವರು ಕೈ ಎತ್ತಿದಾಗ ಹಿಂದಿನವರು ಕಾಲು ಎತ್ತಿದರು. ಅಂಚೆ ಕಚೇರಿಯ ಗುಮಾಸ್ತೆಯೊಬ್ಬರು ಪಕ್ಕದವರನ್ನು ಒದ್ದೇಬಿಟ್ಟರು. "ಹಿಂದೆ ಏನೂ ಕೇಳ್ಸಲ್ಲ ಕಣ್ರೀ" ಎಂದು ಮೇಡಂ ಕೈ ಕಟ್ಟಿ ನಿಂತರು. ನನ್ನ ಹೆಂಡತಿ ಬಾಗಿಲ ಬಳಿ ನಿಂತಿದ್ದ ನನ್ನತ್ತ ಒಮ್ಮೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಅವತ್ತು ಸಂಜೆ ಬಾಮೈದ ಬಂದು, ನಾನು ಹೊಲಿದ ಪೈಪಿಂಗನ್ನು ಎರಡು ಇಂಚು ಬಿಚ್ಚಿ ನೋಡಿ, ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ನಂಬರ್ ಜಾಸ್ತಿ ಆದ್ರೆ ತಂತಿ ಸಣ್ಣ! ಇಷ್ಟು ಸಣ್ಣ ತಂತೀಲಿ ಅರವತ್ತು ಅಡಿ ಹೋಗೋಷ್ಟರಲ್ಲಿ ಸದ್ದೆಲ್ಲ ದಾರೀಲೇ ಸುಸ್ತಾಗುತ್ತೆ." ಇಂಥ ತಲೆಕೆಳಗು ಪದ್ಧತಿ ಎಲ್ಲಾದರೂ ಉಂಟೇ ಎಂದು ನಾನು ರೇಗಿದೆ. ಆಗ ನನ್ನ ಹೆಂಡತಿ ಕೋಣೆಯ ಆ ಕೊನೆಯಿಂದ, "ನಲವತ್ತರ ದಾರ ದಪ್ಪ, ಅರವತ್ತರದ್ದು ಸಣ್ಣ ಅಂತ ಮದುವೆಯಾದ ಹೊಸದ್ರಲ್ಲಿ ನೀವೇ ಅಲ್ವೇನ್ರೀ ಹೇಳ್ಕೊಟ್ಟಿದ್ದು?" ಎಂದಳು. ಮಾನ್ಯರೇ, ಇದು ಸತ್ಯ. ಇಪ್ಪತ್ತಾರು ವರ್ಷ ನಾನು ಒಂದು ದಿಕ್ಕಿಗೆ ಏರುವ ಸೂಜಿಯ ಕಣ್ಣಿಗೆ ಇನ್ನೊಂದು ದಿಕ್ಕಿಗೆ ಏರುವ ದಾರ ಪೋಣಿಸಿದ್ದೇನೆ, ಒಮ್ಮೆಯೂ ತಲೆ ಎತ್ತಿ ಯೋಚಿಸಿಲ್ಲ. ದಾರಕ್ಕೆ ನಂಬರು ಕೊಟ್ಟವರೂ ತಮ್ಮ ಸಮಿತಿಯವರೇ ಇರಬೇಕು ಎಂಬ ಗುಮಾನಿ ನನಗಿದೆ.

ಇಲ್ಲಿ ತಮ್ಮನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಒಳ್ಳೆಯದಾಗುವುದಿಲ್ಲ. ಎಂಥ ದೂರದೃಷ್ಟಿ ತಮ್ಮದು! ಬಡಕಲು ತಂತಿಯ ಮನಸ್ಸು ನೋಯಬಾರದೆಂದು ಅದಕ್ಕೆ ದೊಡ್ಡ ನಂಬರು, ದಪ್ಪ ತಂತಿಗೆ ಅಹಂಕಾರ ಬರಬಾರದೆಂದು ಚಿಕ್ಕ ನಂಬರು. ಇಂಥ ಕರುಣೆಯನ್ನು ನಾನು ತಾಯಂದಿರಲ್ಲಿ ಮಾತ್ರ ಕಂಡಿದ್ದೆ. ಇದೇ ನ್ಯಾಯವನ್ನು ಶಾಲೆಗಳಿಗೂ ವಿಸ್ತರಿಸಿದರೆ ದಡ್ಡರೆಲ್ಲ ತೊಂಬತ್ತೆಂಟು ತೆಗೆದುಕೊಂಡು ಮನೆಗೆ ಬರುತ್ತಾರೆ. ಜ್ವರ ಅಳೆಯುವ ಕಡ್ಡಿಗೂ ವಿಸ್ತರಿಸಿದರೆ ಸುಡುತ್ತಿರುವವರು ಅಂಕಿ ನೋಡಿ ಎದ್ದು ಕೆಲಸಕ್ಕೆ ಹೋಗುತ್ತಾರೆ. ತಮ್ಮ ಸೇವೆ ತಂತಿಗಷ್ಟೇ ಮೀಸಲಾಗಿರುವುದು ಜಗತ್ತಿನ ದುರದೃಷ್ಟ.

ಮಂಗಳವಾರ ಬೆಳಿಗ್ಗೆ ಬಾಮೈದ ಇನ್ನೊಮ್ಮೆ ಬರುತ್ತೇನೆಂದ. ಬೇಡವೆಂದೆ. ನಕ್ಕವನ ಮುಂದೆ ಸೋಲುವುದಕ್ಕಿಂತ ಇನ್ನೊಂದು ಸಲ ಅಂಗಡಿಗೆ ಹೋಗುವುದೇ ಲೇಸೆನಿಸಿತು. ಈ ಸಲ ಅಂಗಡಿಯವನಿಗೆ ಅರವತ್ತೆರಡು ಅಡಿಯ ಕಥೆಯನ್ನೆಲ್ಲ ಹೇಳಿದೆ. ಅವನು ಒಳ್ಳೆಯ ಮನುಷ್ಯ, "ಹದಿನಾಲ್ಕು ಹಾಕಿ ಸಾರ್, ಧಾರಾಳವಾಗಿ ಸಾಕು, ತೀರಾ ಬೇಕಂದ್ರೆ ಹನ್ನೆರಡು" ಎಂದ. ಆದರೆ ಒಮ್ಮೆ ಮೋಸ ಹೋದವನಿಗೆ ಸಾಕು ಎಂಬ ಮಾತು ಕಿವಿಗೆ ಬೀಳುತ್ತದೆಯೇ? ಅದಕ್ಕಿಂತ ಕಡಿಮೆಯದು ಯಾವುದಿದೆ ತೆಗೆ ಎಂದು ಹಟ ಹಿಡಿದೆ. ಅವನು ತಲೆ ಕೆರೆದುಕೊಂಡು ಹಿತ್ತಿಲ ಉಗ್ರಾಣದಿಂದ ಎಂಟನೇ ನಂಬರಿನ ಒಂದು ಸುರುಳಿಯನ್ನು ಉರುಳಿಸಿಕೊಂಡು ಬಂದ. ಅದನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಬರುವಾಗ ಕಂಡವರೆಲ್ಲ ಎಮ್ಮೆ ಕೊಂಡಿರಾ, ಕಟ್ಟೋಕೆ ಹಗ್ಗವಾ ಎಂದು ಕೇಳಿದರು.

ಆ ತಂತಿ ಬಗ್ಗಲಿಲ್ಲ. ಮೂಲೆಯಲ್ಲಿ ತಿರುಗು ಎಂದರೆ ಮೂಲೆಯನ್ನೇ ಬಿಟ್ಟು ಎದ್ದು ನಿಂತಿತು. ಪೈಪಿಂಗಿನ ಮಾತಂತೂ ಬಿಡಿ, ಅದಕ್ಕೆ ಪೈಜಾಮವನ್ನೇ ಹೊಲಿಯಬೇಕಿತ್ತು. ಕೊನೆಗೆ ಸ್ಪೀಕರಿನ ಬೆನ್ನಿಗೆ ತಂದರೆ, ತಂತಿ ಸಿಗಿಸುವ ತೂತು ಹುರುಳಿಕಾಳಿನಷ್ಟು, ತಂತಿಯ ತುದಿ ನನ್ನ ಕಿರುಬೆರಳಿನಷ್ಟು. ಬೇರೆಯವರಾಗಿದ್ದರೆ ಕೈ ಚೆಲ್ಲುತ್ತಿದ್ದರು. ನಾನು ದರ್ಜಿ. ಸೂಜಿಯ ಕಣ್ಣಿಗಿಂತ ದಪ್ಪನೆಯ ದಾರ ಬಂದರೆ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತು. ತುದಿಯ ತಾಮ್ರದ ಎಳೆಗಳನ್ನು ಬಿಡಿಸಿ, ನೂರಾರು ಎಳೆಗಳಲ್ಲಿ ಮುಕ್ಕಾಲುಪಾಲನ್ನು ಕತ್ತರಿಯಿಂದ ಕತ್ತರಿಸಿ ಹಾಕಿ, ಉಳಿದದ್ದನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ತೂತಿನೊಳಗೆ ತೂರಿಸಿದೆ. ಹೋಯಿತು! ಜಗತ್ತಿನಲ್ಲಿ ಸ್ಪೀಕರ್ ತಂತಿಗೆ ಎಂಜಲು ಹಚ್ಚಿ ಪೋಣಿಸಿದವನೂ ನಾನೊಬ್ಬನೇ ಇರಬೇಕು.

ಬುಧವಾರದ ಹಾಡು, ಸುಳ್ಳೇಕೆ ಹೇಳಲಿ, ಮೊದಲ ಏಳು ನಿಮಿಷ ಚೆನ್ನಾಗಿಯೇ ಬಂತು. ಹಿಂದಿನ ಪೆಟ್ಟಿಗೆಯೂ ಮುಂದಿನದರಂತೆ ಹಾಡಿತು, ಮೇಡಂ ತಲೆದೂಗಿದರು, ನಾನು ಬಾಗಿಲಲ್ಲಿ ಮೀಸೆ ತೀಡಿಕೊಂಡೆ. ಎಂಟನೇ ನಿಮಿಷಕ್ಕೆ ಜಿಗಿತದ ಪಾಠ ಬಂತು. ಹದಿನಾಲ್ಕು ಮಂದಿ ಒಟ್ಟಿಗೆ ಜಿಗಿದಾಗ ನೆಲ ಅದುರಿತು, ಪೆಟ್ಟಿಗೆ ಅದುರಿತು, ಬಗ್ಗದ ಆ ತಂತಿ ತನ್ನ ಭಾರಕ್ಕೆ ತಾನೇ ಹೊರಳಿತು. ನಾನು ಹೊಸೆದು ತೂರಿಸಿದ್ದ ಎಳೆಗಳು ಬಿಚ್ಚಿಕೊಂಡು ಪಕ್ಕದ ತೂತಿನ ಎಳೆಗಳನ್ನು ಆಲಿಂಗಿಸಿದವು. ಆಂಪ್ಲಿಫೈಯರಿನೊಳಗೆ ಟಪ್ ಎಂದಿತು, ಸುಟ್ಟ ವಾಸನೆ ಬಂತು, ಎರಡೂ ಪೆಟ್ಟಿಗೆಗಳು ಒಂದೇ ಸಲ ಸುಮ್ಮನಾದವು. ಹದಿನಾಲ್ಕು ಹೆಂಗಸರು ಕೈ ಎತ್ತಿಕೊಂಡೇ ನಿಂತುಬಿಟ್ಟರು. ಮೇಡಂ ತಮ್ಮ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದರು, ಚೀಲದತ್ತ ಹೆಜ್ಜೆಯಿಟ್ಟರು. ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು.

ಆಗ ಅವಳು ಬಾಯಿ ತೆರೆದಳು. "ಯಾರೂ ಕೈ ಇಳಿಸ್ಬೇಡಿ! ಒಂದು, ಎರಡು, ಮೂರು, ನಾಲ್ಕು! ಹಿಂದಿನ ಸಾಲು, ಮೊಣಕಾಲು ಮೇಲೆ! ಮೇಡಂ, ಚೀಲ ಅಲ್ಲೇ ಇಡಿ, ಇನ್ನೂ ಅರ್ಧ ಗಂಟೆ ಇದೆ!" ಮಾನ್ಯರೇ, ಆ ದನಿ ಅರವತ್ತಡಿ ದಾಟಿ, ಹಿಂದಿನ ಗೋಡೆಗೆ ಬಡಿದು, ಕಿಟಕಿಯಿಂದ ಇಳಿದು, ಎದುರಿನ ಕ್ಷೌರದಂಗಡಿಯವನ ಕೈ ನಿಲ್ಲಿಸಿತು. ಗಣಿತದ ಮೇಡಂ ಹತ್ತು ವರ್ಷದ ಹುಡುಗಿಯ ಹಾಗೆ ಓಡಿ ಸಾಲಿಗೆ ಸೇರಿಕೊಂಡರು. ಇಡೀ ಅರ್ಧ ಗಂಟೆ ಅವಳು ಎಣಿಸಿದಳು, ಗದರಿದಳು, ನಗಿಸಿದಳು. ಒಬ್ಬರ ತಾಳವೂ ತಪ್ಪಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದೆ.

ನಿಂತದ್ದು ಸಂತೋಷಕ್ಕಷ್ಟೇ ಅಲ್ಲ, ನಾಚಿಕೆಗೂ. ಅಷ್ಟು ದೊಡ್ಡ ದನಿ ಅವಳಲ್ಲಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಅಂಗಡಿಯ ಒಳಮೂಲೆಯಿಂದ ಅವಳು ಏನಾದರೂ ಕೂಗಿ ಕೇಳಿದಾಗಲೆಲ್ಲ, "ಮೆಲ್ಲಗೆ ಕಣೇ, ಗಿರಾಕಿಗಳಿದ್ದಾರೆ" ಎನ್ನುತ್ತಿದ್ದವನು ನಾನೇ. ಅವಳು ಜೋರಾಗಿ ನಕ್ಕರೂ ಅದೇ ಮಾತು. ಕೊನೆಕೊನೆಗೆ ಅವಳು ಕೂಗುವುದನ್ನೇ ಬಿಟ್ಟು, ಎದ್ದು ಬಂದು, ಕಿವಿಯ ಹತ್ತಿರ ಹೇಳಿ ಹೋಗುತ್ತಿದ್ದಳು. ಅದು ಅವಳ ಸ್ವಭಾವ ಎಂದುಕೊಂಡಿದ್ದೆ.

ಶುಕ್ರವಾರ ಹದಿನಾಲ್ಕರ ಜಾಗದಲ್ಲಿ ಹತ್ತೊಂಬತ್ತು ಜನ ಬಂದರು. ಐದು ಮಂದಿ ಬೀದಿಯಲ್ಲಿ ಹೋಗುವಾಗ ಆ ದನಿ ಕೇಳಿ ಮೇಲೆ ಹತ್ತಿ ಬಂದವರಂತೆ. "ಪೆಟ್ಟಿಗೆ ರಿಪೇರಿ ಆದ್ರೂ ಬೇಡ ಬಿಡಿ ಅಕ್ಕಾ, ನೀವೇ ಎಣಿಸಿ" ಎಂದು ಮೇಡಂ ತೀರ್ಪು ಕೊಟ್ಟರು. ನನ್ನ ಅಂಗಡಿಯ ಗುಂಡಿಗಳನ್ನು ಈಗ ನಾನೇ ಹಚ್ಚುತ್ತಿದ್ದೇನೆ. ಕಷ್ಟದ ಕೆಲಸ ಅದು, ಬೆನ್ನು ಹಿಡಿದುಕೊಳ್ಳುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ತಾವು ಜಗತ್ತಿನ ಎಲ್ಲ ತಂತಿಗಳನ್ನೂ ವಾಪಸು ತರಿಸಿಕೊಂಡು ಹೊಸದಾಗಿ ನಂಬರು ಹಾಕಿಸಿಕೊಡಬೇಕು; ಅದು ಆಗದಿದ್ದರೆ ಸೂಜಿಗಳ ನಂಬರನ್ನಾದರೂ ತಿರುಗಿಸಿ ನನ್ನ ಮಾನ ಕಾಪಾಡಬೇಕು; ಅದೂ ಆಗದಿದ್ದರೆ, ತಪ್ಪು ತಂತಿಯದೇ ಹೊರತು ಗಂಡನದಲ್ಲ ಎಂದು ಮೊಹರು ಹಾಕಿದ ಒಂದು ಪತ್ರವನ್ನು ನನ್ನ ಬಾಮೈದನ ವಿಳಾಸಕ್ಕೆ ಕಳಿಸಿಕೊಡಬೇಕು.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅದೇ ಬಾಮೈದ ಬಂದು, ನನ್ನ ಹೆಗಲ ಮೇಲಿಂದ ಇದನ್ನು ಓದಿ, "ಭಾವ, ಅಂಥ ಸಮಿತಿ ಯಾವ್ದೂ ಇಲ್ಲ" ಎಂದ. ತಂತಿ ಮಾಡುವವರು ತಾಮ್ರದ ಸರಳನ್ನು ಒಂದು ತೂತಿನಲ್ಲಿ ತೂರಿಸಿ ಎಳೆಯುತ್ತಿದ್ದರಂತೆ, ಆಮೇಲೆ ಅದಕ್ಕಿಂತ ಕಿರಿದಾದ ತೂತಿನಲ್ಲಿ, ಆಮೇಲೆ ಇನ್ನೂ ಕಿರಿದಾದದ್ದರಲ್ಲಿ. ಎಷ್ಟು ತೂತು ದಾಟಿಸಿ ಎಳೆದರೋ ಅಷ್ಟು ನಂಬರು. ಅಂದರೆ ನಂಬರು ತಂತಿಯ ದಪ್ಪದ್ದಲ್ಲ, ಅದನ್ನು ಎಷ್ಟು ಸಲ ಹಿಂಡಿದ್ದಾರೆ ಎಂಬುದರದ್ದು. ಇದನ್ನು ಕೇಳಿದ ಮೇಲೆ ನನಗೆ ತಮ್ಮ ಮೇಲಿದ್ದ ಸಿಟ್ಟು ಇಳಿದುಹೋಯಿತು. ಇಪ್ಪತ್ತಾರು ವರ್ಷದಲ್ಲಿ ಮೆಲ್ಲಗೆ ಕಣೇ ಎಂದು ಎಷ್ಟು ಸಲ ಹೇಳಿದ್ದೇನೆಂದು ಎಣಿಸಲು ಕೂತೆ. ಇಪ್ಪತ್ತನಾಲ್ಕು ಎಂಬುದು ಒಂದು ವಾರಕ್ಕೂ ಸಾಲಲಿಲ್ಲ. ಒಮ್ಮೆ ಎಳೆದು ತೆಳ್ಳಗಾದ ತಂತಿ ಮತ್ತೆ ದಪ್ಪವಾಗುವುದಿಲ್ಲವಂತೆ. ನನ್ನ ಹೆಂಡತಿ ತಂತಿಯಲ್ಲದಿರುವುದು ನನ್ನ ಪುಣ್ಯ, ಅದರಲ್ಲಿ ನನ್ನ ಕೈವಾಡವೇನೂ ಇಲ್ಲ.

ಇಷ್ಟಾದರೂ ತಾವು ಎಲ್ಲೋ ಇದ್ದೀರಿ ಎಂಬ ನಂಬಿಕೆಯನ್ನು ಬಿಡಲು ಮನಸ್ಸಿಲ್ಲದ,

ತಮ್ಮ ವಿಶ್ವಾಸಿ,
ಕೆಳಗಿನ ಅಂಗಡಿಯ ದರ್ಜಿ

ತಾ.ಕ.: ಆ ಎಂಟನೇ ನಂಬರಿನ ತಂತಿಯನ್ನು ತಾರಸಿಯ ಮೇಲೆ ಕಟ್ಟಿ ಬಟ್ಟೆ ಒಣಹಾಕುತ್ತಿದ್ದೇವೆ, ಒದ್ದೆ ಕಂಬಳಿಗೂ ಜಗ್ಗುವುದಿಲ್ಲ, ತಮ್ಮ ಇಲಾಖೆಗೆ ಕೀರ್ತಿ ತಂದಿದೆ. ತಾವು ಈ ಕಡೆ ದಯಮಾಡಿಸಿದರೆ ಪ್ರೀತಿಯಿಂದ ಒಂದು ಅಂಗಿ ಹೊಲಿದುಕೊಡುತ್ತೇನೆ. ತಮ್ಮ ಗೌರವಾರ್ಥ ಅಳತೆಯನ್ನು ತಮ್ಮದೇ ಪದ್ಧತಿಯಲ್ಲಿ ತೆಗೆಯಲಾಗುವುದು: ತಾವು ಎಷ್ಟು ದಪ್ಪವೋ, ಅಂಗಿ ಅಷ್ಟು ಚಿಕ್ಕದು.